ಒಂದು ಗೋಡೆ, ಎರಡು ಲೇಖನ

ಕಟ್ಟಿದ ಗೋಡೆ ಏಕೆ ಬಿರುಕು ಬಿಡುತ್ತದೆ ಎಂಬ ಪ್ರಶ್ನೆಯನ್ನೇ ಬದುಕಿನ ಕೆಲಸವಾಗಿ ಎತ್ತಿಕೊಂಡ ವಿದ್ವಾಂಸರು ಬೆರಳೆಣಿಕೆಯಷ್ಟು. ಅವರಲ್ಲಿ ಹಿರಿಯರು ಯಾರೆಂದು ಕೇಳಿದರೆ, ಒಬ್ಬರ ಮುಖ ಒಬ್ಬರು ನೋಡದ ಪಂಡಿತರೂ ಕೈ ತೋರಿಸುವುದು ಒಂದೇ ಕಡೆಗೆ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಪ್ರಾಧ್ಯಾಪಕರನ್ನು ವಿದ್ಯಾರ್ಥಿಗಳೆಲ್ಲರೂ ತಲೆಮಾರುಗಳಿಂದ ಕರೆಯುತ್ತ ಬಂದಿರುವುದು ‘ಗಾಜಿನ ಮೇಷ್ಟ್ರು’ ಎಂದು. ಬಿರುಕಿನ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ, ಮೇಲೆ ದಿನಾಂಕ ಬರೆದು, ಗೋಡೆ ಅಲುಗಿ ಗಾಜು ತಾನಾಗಿ ಒಡೆಯುವವರೆಗೆ ಕಾಯುವ ಹಳೆಯ ಪದ್ಧತಿಯನ್ನು, ಹೊಸ ಹೊಸ ಅಳತೆಯ ಯಂತ್ರಗಳು ಬಂದ ಮೇಲೂ ಅವರು ಕೈಬಿಡಲಿಲ್ಲ. ಗಾಜಿಗೆ ಯಾವ ಪಕ್ಷವೂ ಇಲ್ಲ ಎನ್ನುವುದು ಅವರು ಕೊಡುತ್ತಿದ್ದ ಕಾರಣ.

ಈ ಅಭಿನಂದನ ಸಂಪುಟಕ್ಕಾಗಿ ಸಮಿತಿಯವರು ನನಗೆ ವಹಿಸಿದ ವಿಷಯ ‘ಗುರುಗಳ ಸಿದ್ಧಾಂತ’. ಒಪ್ಪಿಕೊಂಡಾಗ ಇದು ನೀರು ಕುಡಿದಷ್ಟು ಸುಲಭವೆಂದುಕೊಂಡಿದ್ದೆ. ಬರೆಯಲು ಕುಳಿತ ಮೇಲೆ, ಅವರ ಸಿದ್ಧಾಂತ ಯಾವುದೆಂದು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಇಷ್ಟು ವರ್ಷ ಅದರ ಪರವಾಗಿ ಜಗಳವಾಡಿದವಳು ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಓದುಗರು ನಗಬಹುದು; ನನಗಂತೂ ತಲೆ ಬುಡ ತಿಳಿಯದಾಗಿದೆ.

ಗೊಂದಲದ ಮೂಲ ಎರಡು ಲೇಖನಗಳಲ್ಲಿದೆ. ಸೇವೆಗೆ ಸೇರಿದ ಹೊಸದರಲ್ಲಿ ಗುರುಗಳು ನಮ್ಮ ಗ್ರಂಥಾಲಯದ ಓದುವ ಕೋಣೆಯ ಪಶ್ಚಿಮದ ಗೋಡೆಯನ್ನು ಪರೀಕ್ಷಿಸಿ ಮೊದಲನೆಯದನ್ನು ಬರೆದರು. ಕಟ್ಟಡದಡಿಯ ಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದರಿಂದ ಬಿರುಕು ಅಡಿಪಾಯದಿಂದ ಮೇಲೇರುತ್ತದೆ ಎಂಬುದು ಅದರ ಸಾರ. ಎಷ್ಟೋ ವರ್ಷಗಳ ನಂತರ ಅದೇ ಗೋಡೆಯನ್ನು ಕುರಿತು ಎರಡನೆಯದನ್ನು ಬರೆದರು: ಬಿಸಿಲಿಗೆ ಛಾವಣಿ ಹಿಗ್ಗಿ ಗೋಡೆಯ ತಲೆಯನ್ನು ತಳ್ಳುವುದರಿಂದ ಬಿರುಕು ಮೇಲಿನಿಂದ ಕೆಳಗಿಳಿಯುತ್ತದೆ. ಮೊದಲಿನದು ತಪ್ಪಾಗಿತ್ತು ಎಂದು ಎರಡನೆಯದರಲ್ಲಿ ಎಲ್ಲಿಯೂ ಇಲ್ಲ, ಸರಿ ಎಂದೂ ಇಲ್ಲ. ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಮೊದಲ ಲೇಖನದ ಹೆಸರು ಹೇಳಿ ‘ಇದನ್ನೂ ನೋಡಿ’ ಎಂದಷ್ಟೇ ಬರೆದು ಬಿಟ್ಟರು. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ.

ಆ ಎರಡು ಪದಗಳ ಮೇಲೆ ನಮ್ಮ ಕ್ಷೇತ್ರದಲ್ಲಿ ಎಷ್ಟು ಶಾಯಿ ಹರಿದಿದೆಯೋ ಲೆಕ್ಕವಿಲ್ಲ. ‘ಇದನ್ನೂ ನೋಡಿ’ ಎಂದರೆ ಹಳೆಯದಕ್ಕೆ ಈಗಲೂ ಬದ್ಧ ಎಂದು ಒಂದು ಗುಂಪು; ಹಳೆಯದನ್ನು ಬಿಟ್ಟೆನೆಂದು ಮರ್ಯಾದೆಯಾಗಿ ಹೇಳಿದ್ದಾರೆ ಎಂದು ಇನ್ನೊಂದು. ವಿಚಾರ ಸಂಕಿರಣಗಳಲ್ಲಿ ‘ಅಡಿಪಾಯದವರು’ ಕಿಟಕಿಯ ಕಡೆ, ‘ಛಾವಣಿಯವರು’ ಬಾಗಿಲ ಕಡೆ ಕೂರುವಷ್ಟಕ್ಕೆ ಹೋಯಿತು. ಎರಡೂ ಕಡೆಯವರು ಗುರುಗಳನ್ನೇ ಉಲ್ಲೇಖಿಸುತ್ತಿದ್ದರು, ತಮಗೆ ಬೇಕಾದ ವಾಕ್ಯದ ಬೇಕಾದ ಅರ್ಧವನ್ನು ಮಾತ್ರ. ಮೂಲವನ್ನು ಪೂರ್ತಿ ಓದಿದವರು ಕಡಿಮೆ, ಓದಿದವರನ್ನು ಓದಿ ಉಲ್ಲೇಖಿಸಿದವರೇ ಹೆಚ್ಚು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎತ್ತಿನ, ಅಂದರೆ ಅಡಿಪಾಯದವರ, ಪಕ್ಷದಲ್ಲಿ ಮುಂಚೂಣಿಯಲ್ಲಿದ್ದವಳು ನಾನು.

ಗುರುಗಳ ಶಿಷ್ಯೆಯಾಗಿ ನಾನು ಸೇರಿದಾಗ ನನಗೆ ಸಿಕ್ಕಿದ ಮೊದಲ ಕೆಲಸ ಏಣಿ ಹಿಡಿಯುವುದು. ಗುರುಗಳು ಮೇಲೆ ಹತ್ತಿ ಗಾಜು ಅಂಟಿಸುವರು, ಅವರ ಹಿರಿಯ ಶಿಷ್ಯರೊಬ್ಬರು ಗಾರೆ ಕಲಸಿ ಕೊಡುವರು, ನಾನು ಕೆಳಗೆ. ಆ ಹಿರಿಯ ಶಿಷ್ಯರು ನನಗೆ ‘ಏಣಿ’ ಎಂದೇ ಹೆಸರಿಟ್ಟರು. ಸಂಜೆ ನನ್ನನ್ನು ಕರೆದೊಯ್ಯಲು ಬರುತ್ತಿದ್ದ ಅಕ್ಕನನ್ನು ಅದೇ ಗೋಡೆಯ ಬುಡದಲ್ಲಿ ನೋಡಿ, ಮೆಚ್ಚಿ, ಕೊನೆಗೆ ಮದುವೆಯಾಗಿ ಅವರು ನನ್ನ ಭಾವನಾದರು.

ನನ್ನ ಮೊದಲ ಪ್ರಬಂಧ ಮಂಡನೆಯ ದಿನವನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ಸಭೆಯಲ್ಲಿದ್ದ ಒಬ್ಬ ಹಿರಿಯ ತಜ್ಞರು ಎದ್ದು, ನಾನು ಹೇಳಿಯೇ ಇಲ್ಲದ ಮಾತೊಂದನ್ನು ನನ್ನದೆಂದು ಹೇಳಿ, ಅದನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹಿಂದಿನ ಸಾಲಿನಿಂದ ಗುರುಗಳ ಸ್ವರ ಬಂತು: “ಸ್ವಾಮಿ, ಆ ಹುಡುಗಿ ಏನು ಹೇಳಿದ್ಲು ಅಂತ ಮೊದಲು ಹೇಳ್ಬಿಡಿ. ಆಮೇಲೆ ಎಷ್ಟು ಬೇಕೋ ಅಷ್ಟು ಬೈಯಿರಿ.” ತಜ್ಞರು ಹೇಳಲು ಹೊರಟು, ತಡವರಿಸಿ, ಕುಳಿತುಬಿಟ್ಟರು. ಅಂದು ನನಗೆ ಅಳು ಬಂದದ್ದು ಭಯಕ್ಕಲ್ಲ.

ಮುಂದೆ ಗುರುಗಳು ನಮ್ಮ ವಿಭಾಗದ ತ್ರೈಮಾಸಿಕದ ಸಂಪಾದಕತ್ವ ವಹಿಸಿಕೊಂಡಾಗ ಇದನ್ನೇ ನಿಯಮ ಮಾಡಿದರು. ‘ಚರ್ಚೆ’ಯ ಪುಟಗಳಲ್ಲಿ ಯಾರನ್ನಾದರೂ ಖಂಡಿಸಬೇಕೆಂದರೆ, ಮೊದಲು ಅವರ ವಾದವನ್ನು ತನ್ನ ಮಾತಿನಲ್ಲಿ ಬರೆದು, ಅವರಿಗೇ ತೋರಿಸಿ, ‘ಹೌದು, ನಾನು ಹೇಳಿದ್ದು ಇದೇ’ ಎಂದು ಅವರ ಕೈಯಲ್ಲೇ ಬರೆಸಿ ತರಬೇಕು. ಖಂಡನೆ ಅಚ್ಚಾಗುವುದು ಆಮೇಲೆ. ಈ ನಿಯಮದ ದೆಸೆಯಿಂದ ಎಷ್ಟೋ ಖಂಡನೆಗಳು ದಾರಿಯಲ್ಲೇ ಪ್ರಾಣ ಬಿಟ್ಟವು, ಪತ್ರಿಕೆ ತೆಳ್ಳಗಾಯಿತು, ಗುರುಗಳು ಜಗ್ಗಲಿಲ್ಲ.

ಭಾವನ ತಂದೆ ತೀರಿಕೊಂಡಾಗ, ಆಗಲೇ ನಮ್ಮ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ಭಾವನ ತರಗತಿಗಳನ್ನು ಗುರುಗಳೇ ತೆಗೆದುಕೊಂಡದ್ದನ್ನೂ ಹೇಳಬೇಕು. ಪಾಠವನ್ನು ಭಾವನ ಟಿಪ್ಪಣಿ ನೋಡಿಕೊಂಡೇ ಮಾಡಿದರು. ತಾವು ಒಪ್ಪದ ಒಂದು ಭಾಗವನ್ನೂ ಭಾವ ಹೇಗೆ ಹೇಳುತ್ತಿದ್ದರೋ ಹಾಗೆಯೇ ಹೇಳಿಕೊಟ್ಟರು. ಏಕೆಂದು ಕೇಳಿದ್ದಕ್ಕೆ, “ಅವನ ಕ್ಲಾಸು ಅದು, ನಂದಲ್ಲ” ಎಂದರಂತೆ.

ಇಂಥವರ ಶಿಷ್ಯರಾದ ನಾವಿಬ್ಬರೂ ಜಗಳವಾಡಿದ್ದು, ದುರದೃಷ್ಟಕ್ಕೆ, ಆ ನಿಯಮವಿಲ್ಲದ ಬೇರೊಂದು ಪತ್ರಿಕೆಯಲ್ಲಿ. ನಾನು ಮೊದಲ ಲೇಖನವನ್ನು ಹಿಡಿದೆ, ಭಾವ ಎರಡನೆಯದನ್ನು. ಹಿಡಿದ ಮೊಲಕ್ಕೆ ಮೂರೇ ಕಾಲು. ಸಂಚಿಕೆಯಿಂದ ಸಂಚಿಕೆಗೆ ಉತ್ತರ, ಪ್ರತ್ಯುತ್ತರ, ಪ್ರತ್ಯುತ್ತರಕ್ಕೆ ಉತ್ತರ. ಒಂದು ದಿನ ಅವರ ಲೇಖನದಲ್ಲಿ ನನ್ನ ಹೆಸರು ಮಾಯವಾಗಿ ‘ಸದರಿ ಲೇಖಕಿ’ ಎಂದಾಯಿತು. ಏಣಿ ಎನ್ನುತ್ತಿದ್ದ ಬಾಯಿಂದ ಸದರಿ ಲೇಖಕಿ! ನಾನೂ ‘ಅಪೂರ್ಣ ಓದಿನ ವಿಮರ್ಶಕರು’ ಎಂದು ಬರೆದು ಕೈ ತೊಳೆದುಕೊಂಡೆ. ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ಮಾತು ನಿಂತಿತು.

ಇದರಲ್ಲಿ ಬಡವಾದವಳು ಅಕ್ಕ. ಅಮ್ಮ ಹೋದ ಮೇಲೆ ನನಗೆ ತವರು ಎಂದಿರುವುದು ಅವಳ ಮನೆಯೊಂದೇ. ಊಟದ ಮೇಜಿನಲ್ಲಿ ನಾನು ಒಂದು ತುದಿ, ಭಾವ ಇನ್ನೊಂದು ತುದಿ, ನೀರಿನ ಜಗ್ಗು ಕೇಳಬೇಕಾದರೂ ಅಕ್ಕನ ಮೂಲಕ. ಅವಳು ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆಸುವವಳಿಗೆ ಮನೆಯಲ್ಲಿ ಎರಡು ಮುಚ್ಚಿದ ಬಾಯಿ. ಒಂದು ದಿನ ತಟ್ಟೆ ಎತ್ತುತ್ತ ಅಂದಳು: “ನೀವಿಬ್ರೂ ಲೈಬ್ರರಿ ಗೋಡೆ ನೋಡ್ಕೊಂಡಿರಿ. ಬಿರುಕು ಬಿಟ್ಟಿರೋದು ನನ್ನ ಮನೆ. ಇನ್ಮೇಲೆ ಬಂದ್ರೆ ಮಾತಾಡೋ ಹಾಗಿದ್ರೆ ಬಾ, ಇಲ್ದಿದ್ರೆ ಬರಬೇಡ ಪುಟ್ಟಿ.” ಅವಳು ಕೋಪದಲ್ಲಿ ಹೇಳಿದ್ದರೆ ಸಹಿಸುತ್ತಿದ್ದೆ. ಅಳು ತಡೆದುಕೊಂಡು ಹೇಳಿದಳು. ಆಮೇಲೆ ನಾನು ಹೋಗಲಿಲ್ಲ.

ಹೀಗಿರುವಾಗ ಈ ಸಂಪುಟಕ್ಕೆ ಬರೆಯುವ ಕರೆ ಬಂತು. ಭಾವನೂ ಇದಕ್ಕೆ ಬರೆಯುತ್ತಿದ್ದಾರೆಂದು ತಿಳಿಯಿತು. ಗುರುಗಳ ಬಾಯಿಂದಲೇ ‘ಅಡಿಪಾಯ’ ಎಂದು ಹೇಳಿಸಿಬಿಟ್ಟರೆ ಎಲ್ಲ ಮುಗಿಯುತ್ತದೆ, ಭಾವ ಸೋತು ಸುಮ್ಮನಾಗುತ್ತಾರೆ, ನಾನು ಅಕ್ಕನ ಮನೆಗೆ ಹೋಗಬಹುದು ಎಂಬ ಲೆಕ್ಕ ಹಾಕಿ ಅವರ ಕೋಣೆಗೆ ಹೋದೆ. ಪುಸ್ತಕಗಳು ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು. ಮೇಜಿನ ಮೇಲೆ ಗಾಜಿನ ಪಟ್ಟಿಗಳ ಹಳೆಯ ಬಿಸ್ಕತ್ತಿನ ಡಬ್ಬ ಮಾತ್ರ ಉಳಿದಿತ್ತು.

“ಸರ್, ಕೊನೆಗೆ ನಿಮ್ಮ ನಿಲುವು ಯಾವುದು? ಅಡಿಪಾಯಾನೋ, ಛಾವಣೀನೋ?”

“ಮೊದಲನೇದು ಬರೀವಾಗ ಕೆಳಗಿನ ಗಾಜು ಒಡೀತಿತ್ತು. ಎರಡನೇದು ಬರೀವಾಗ ಮೇಲಿಂದು ಒಡೀತಿತ್ತು. ಒಡೆದದ್ದನ್ನ ಬರೆದೆ.”

“ಅದರಲ್ಲಿ ಯಾವುದು ನಿಜ ಸರ್?”

“ಎರಡೂ ಒಡೆದಿದ್ದು ನಿಜ ಕಣಮ್ಮ. ಯಾಕೆ ಅಂತ ನಂಗೂ ಪೂರ್ತಿ ತಿಳೀಲಿಲ್ಲ.”

“ಮತ್ತೆ ಆ ‘ಇದನ್ನೂ ನೋಡಿ’?”

“ನೋಡ್ಲಿ ಅಂತ.”

ಇಷ್ಟು ವರ್ಷದ ವಾಗ್ವಾದಕ್ಕೆ ಇಷ್ಟೇ ಉತ್ತರ. ಅವರೇ ಕೇಳಿದರು: “ನಿಮ್ಮ ಭಾವ ಏನಂತಾನೆ?”

“ಬಿರುಕು ಮೇಲಿಂದ ಇಳಿಯುತ್ತೆ ಅಂತಾರೆ.”

“ಅದು ನಾನು ಬರೆದದ್ದು. ಅವನು ಏನಂತಾನೆ?”

ಹೇಳಲು ಬಾಯಿ ತೆರೆದೆ. ಭಾವನ ತಪ್ಪುಗಳ ಪಟ್ಟಿ ನಾಲಿಗೆಯ ತುದಿಯಲ್ಲಿತ್ತು, ಅವರ ಮಾತು ಇರಲಿಲ್ಲ. ಆ ಸಭೆಯಲ್ಲಿ ತಡವರಿಸಿ ಕುಳಿತ ತಜ್ಞರ ಮುಖ ನೆನಪಾಯಿತು. ಗುರುಗಳು ಡಬ್ಬದ ಮುಚ್ಚಳ ಹಾಕುತ್ತ, “ನಮ್ಮ ಪತ್ರಿಕೆ ನಿಯಮ ಮರ್ತೋಯ್ತಾ? ಬರೆದು, ಅವನ ಹತ್ರ ಒಪ್ಪಿಗೆ ಹಾಕಿಸ್ಕೊಂಡು ಬಾ. ಅವನಿಗೂ ಇದನ್ನೇ ಹೇಳಿ ಕಳಿಸಿದೀನಿ” ಎಂದರು.

ಬಂದು ಭಾವನ ಲೇಖನಗಳನ್ನೆಲ್ಲ ಮೊದಲಿನಿಂದ ಓದಿದೆ. ಅವರ ವಾದವೆಂದು ನಾನು ಬರೆದದ್ದು ಹೀಗಿದೆ. ಗೋಡೆಯ ಮೇಲಿನ ಗಾಜು ಒಡೆದದ್ದು ಮೋಡವಿಲ್ಲದ ಒಂದು ಹಗಲಿನಲ್ಲಿ. ಮಣ್ಣು ಒಂದೇ ಹಗಲಿನಲ್ಲಿ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಂದೇ ಹಗಲಿನಲ್ಲಿ ಹಿಗ್ಗಿ ಮತ್ತೆ ತಣಿಯುವುದು ಛಾವಣಿ ಮಾತ್ರ. ಆದ್ದರಿಂದ ನೆಲ ಅಗೆಯುವ ಮೊದಲು ಛಾವಣಿಯ ಮೇಲೆ ಹತ್ತಿ ನೋಡಬೇಕು. ಪಾದದಲ್ಲಿ, ಅಂದರೆ ಅಡಿಪಾಯದಲ್ಲಿ, ದೋಷವಿಲ್ಲವೆಂದು ನಾನು ಹೇಳಿಲ್ಲ. ಪಾದವನ್ನು ನಾನು ಅಗೆದು ನೋಡಿಲ್ಲ ಎಂದಷ್ಟೇ ಹೇಳಿದ್ದೇನೆ.

ಈ ಕಡೆಯ ಎರಡು ವಾಕ್ಯಗಳು ನನ್ನವಲ್ಲ, ಭಾವನವು. ‘ಪಾದದಲ್ಲಿ ಯಾವ ದೋಷವೂ ಇಲ್ಲ’ ಎಂದು ಬರೆದುಕೊಂಡು ನಾನು ಅಕ್ಕನ ಮನೆಯ ಗಂಟೆ ಒತ್ತಿದ್ದೆ. ಬಾಗಿಲು ತೆರೆದವರು ಭಾವ. ಅವರ ಕೈಯಲ್ಲೂ ಒಂದು ಹಾಳೆ ಇತ್ತು. ಇಬ್ಬರೂ ಹಾಳೆ ಬದಲಾಯಿಸಿಕೊಂಡೆವು. ಅವರು ನನ್ನ ವಾದವನ್ನು ನಾನೇ ಬರೆದದ್ದಕ್ಕಿಂತ ಚೆನ್ನಾಗಿ ಬರೆದಿದ್ದರು. ಅದನ್ನು ಓದಿ ಒಳಗೊಳಗೇ ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ಅಷ್ಟರಲ್ಲಿ ಅವರು ಪೆನ್ನು ತೆಗೆದು ನನ್ನ ಕಡೆಯ ವಾಕ್ಯ ಹೊಡೆದುಹಾಕಿ, ಅದರ ಕೆಳಗೆ ಏನೋ ಗೀಚಿ ಹಾಳೆ ತಿರುಗಿಸಿದರು. “ಏಣಿ, ಇಲ್ನೋಡು. ಪಾದ ಸರಿಯಿದೆ ಅಂತ ನಾನೆಲ್ಲಿ ಹೇಳಿದೀನಿ? ನೋಡಿಲ್ಲ ಅಂದಿದೀನಿ ಅಷ್ಟೆ.”

ಹುಡುಕಿದೆ. ನಿಜವಾಗಿಯೂ ಎಲ್ಲಿಯೂ ಹೇಳಿರಲಿಲ್ಲ. ಹಾಗಾದರೆ ನಾನು ಅಷ್ಟು ಸಂಚಿಕೆಗಳಲ್ಲಿ ಖಂಡಿಸಿದ್ದು ಯಾರನ್ನು ಎಂದು ಕೇಳಿದೆ. “ಗೊತ್ತಿಲ್ಲ. ನಾನೂ ಯಾರಿಗೋ ಉತ್ತರ ಕೊಡ್ತಿದ್ದೆ” ಎಂದರು ಭಾವ.

ಗೊಂದಲ ಅಲ್ಲಿಗೆ ತೀರಿತೆಂದು ಓದುಗರು ಭಾವಿಸಬಾರದು. ಅವರ ವಾದವನ್ನು ಮನಸ್ಸಿಟ್ಟು ಬರೆದ ಮೇಲೆ ಆ ಮೋಡವಿಲ್ಲದ ಹಗಲು ನನ್ನನ್ನು ಬಿಡಲೊಲ್ಲದು. ಛಾವಣಿಯಲ್ಲೇ ಏನೋ ಇದೆ ಎನ್ನಿಸುತ್ತಿದೆ. ನನ್ನ ವಾದ ಬರೆದ ಭಾವನಿಗೋ ಮಣ್ಣಿನ ಹುಚ್ಚು ಹಿಡಿದಿದೆ, ಪಾದ ಅಗೆಯಲು ಅನುಮತಿ ಕೇಳುತ್ತಿದ್ದಾರೆ. ಈಗ ಅದೇ ಮೇಜಿನಲ್ಲಿ ಕಡೆ ಬದಲಿಸಿಕೊಂಡು ಕೂಗಾಡುತ್ತೇವೆ. ಅಕ್ಕ ಅಡುಗೆಮನೆಯಿಂದ, “ಹಲ್ಲು ನೋವು ಅಂತ ಬಂದವ್ರಿಗೆ ನಾನು ಲೇಖನ ಓದಿ ಹೇಳಲ್ಲ, ಬಾಯಿ ತೆಗೀರಿ ಅಂತೀನಿ. ಹೋಗಿ ಗೋಡೆ ನೋಡ್ರೋ!” ಎನ್ನುತ್ತಾಳೆ. ಬರಬೇಡ ಎಂದು ಮಾತ್ರ ಈಗ ಅನ್ನುವುದಿಲ್ಲ.

ಆದ್ದರಿಂದ ಗುರುಗಳ ಸಿದ್ಧಾಂತವನ್ನು ನಿರೂಪಿಸುವಲ್ಲಿ ಈ ಲೇಖನ ಸೋತಿದೆ, ಸಮಿತಿಯವರು ಕ್ಷಮಿಸಬೇಕು. ಕಳೆದ ವಾರ ನಾವು ಮೂವರೂ ಆ ಗೋಡೆಗೆ ಎರಡು ಹೊಸ ಗಾಜು ಅಂಟಿಸಿದೆವು, ಒಂದು ಕೆಳಗೆ, ಒಂದು ಮೇಲೆ. ಗುರುಗಳು ಹತ್ತಿದರು, ಭಾವ ಗಾರೆ ಕಲಸಿದರು, ನಾನು ಏಣಿ ಹಿಡಿದೆ. ಆ ಗಾಜುಗಳು ಬೇಗ ಒಡೆಯದಿರಲಿ. ಒಡೆದ ದಿನ ಮೊದಲು ಬಂದು ನೋಡುವವರು ಗುರುಗಳೇ ಆಗಿರಲಿ. ಅವರು ಮೂರನೆಯ ಲೇಖನವನ್ನು ಬರೆದು ನಮ್ಮನ್ನು ಇನ್ನೊಮ್ಮೆ ದಿಕ್ಕು ತಪ್ಪಿಸುವಷ್ಟು ಆಯುಸ್ಸು, ಆರೋಗ್ಯ, ಕಣ್ಣಿನ ತೀಕ್ಷ್ಣತೆ ಅವರಿಗಿರಲಿ ಎಂದು ಹಾರೈಸುತ್ತೇನೆ. ಅವರ ಪತ್ರಿಕೆಯ ನಿಯಮದಂತೆ ಒಪ್ಪಿಗೆಯನ್ನು ಕೆಳಗೆ ಅಚ್ಚು ಮಾಡಿದೆ.

‘ಮೇಲೆ ನನ್ನ ವಾದವೆಂದು ಬರೆದದ್ದನ್ನು ಓದಿದ್ದೇನೆ. ಹೌದು, ನಾನು ಹೇಳಿದ್ದು ಇದೇ. ಈಗಲೂ ಅದನ್ನೇ ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಭಾನುವಾರ ಊಟಕ್ಕೆ ಬಂದಾಗ ಮಾತಾಡೋಣ.
— ಸದರಿ ಲೇಖಕಿಯ ಭಾವ’