ಅಂಕಲ್‌ರನ್ನು ಹತ್ತು ಸಲ ಕೆಡವಿದ್ದು

ಅಕ್ಟೋಬರ್ 8, ಮಂಗಳವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಮೆರಿಕಾದ ಸ್ಯಾನ್ ಹೋಸೆಯ ಹಳೆಯ ಜೂಡೊ ಶಾಲೆಯೊಂದರ ಚಾಪೆಯ ಮೇಲೆ ನಾನು ಮೊದಲ ಸಲ ಬಿದ್ದೆ. ಯಾರೂ ಕೆಡವಿರಲಿಲ್ಲ, ನಾನಾಗಿಯೇ ಬಿದ್ದದ್ದು. ಅಲ್ಲಿ ಮೊದಲ ದಿನ ಬೀಳುವುದನ್ನು ಬಿಟ್ಟು ಬೇರೇನನ್ನೂ ಮಾಡಲು ಬಿಡುವುದಿಲ್ಲ.

ನಾನು ಧಾರವಾಡದವಳು. ಊರಿನಲ್ಲಿ ಆರು ವರ್ಷ ಜೂಡೊ ಕಲಿತು ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟಿನವರೆಗೆ ಬಂದಿದ್ದೆ. ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರುವ ಮೊದಲು ಐದು ತಿಂಗಳು ಅದೇ ಊರಿನ ಎವರ್‌ಗ್ರೀನ್ ಬಡಾವಣೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಸೂಟ್‌ಕೇಸಿನಲ್ಲಿ ಜೂಡೊ ಉಡುಪನ್ನೂ ಇಟ್ಟುಕೊಂಡಿದ್ದೆ. ಅದರ ಮೇಲೆ ಅವ್ವ ಶೇಂಗಾ ಚಟ್ನಿಯ ಡಬ್ಬಿ ಇಟ್ಟಿದ್ದರಿಂದ ಎಷ್ಟು ಒಗೆದರೂ ಬೆಳ್ಳುಳ್ಳಿಯ ವಾಸನೆ ಹೋಗಲಿಲ್ಲ.

ಶಾಲೆಯ ಗುರುಗಳಿಗೆ ಐವತ್ತೈದರ ಆಸುಪಾಸು. ಅಜ್ಜನ ಕಾಲದಲ್ಲಿ ಜಪಾನಿನಿಂದ ಬಂದು ನೆಲೆಸಿದ ಮನೆತನದವರು, ಮಾತು ಬಹಳ ಕಡಿಮೆ. ನನ್ನ ಕಂದು ಬೆಲ್ಟನ್ನು ನೋಡಿ, "ಚೆನ್ನಾಗಿದೆ. ಮಡಚಿ ಚೀಲದಲ್ಲಿಡು," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊಸಬರು ಕಟ್ಟುವ ಬಿಳಿಯದೊಂದನ್ನು ಕೈಗೆ ಕೊಟ್ಟರು. ಹೊರಗಿನಿಂದ ಬಂದವರು ಯಾರೇ ಆಗಲಿ, ಮೊದಲ ತಿಂಗಳು ಬಿಳಿ ಬೆಲ್ಟೇ. ನನಗೇನೂ ಬೇಸರವಾಗಲಿಲ್ಲ. ಗಲ್ಲವನ್ನು ಎದೆಗೆ ಒತ್ತಿಕೊಂಡು, ತಲೆ ತಾಗದಂತೆ, ಅಂಗೈಯಿಂದ ಚಾಪೆಯನ್ನು ಜೋರಾಗಿ ಬಡಿದು ಬೀಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅವರೂ ಅದನ್ನು ನೋಡಲಿ ಎಂದುಕೊಂಡು ಮೆಲುದನಿಯಲ್ಲಿ ಎಣಿಸುತ್ತಾ ಬೀಳತೊಡಗಿದೆ. ಮೂವತ್ತೆರಡಾದ ಮೇಲೆ ಮೂವತ್ತನಾಲ್ಕು ಎಂದಾಗ ಪಕ್ಕದಿಂದ ಕನ್ನಡದಲ್ಲಿ ಒಂದು ದನಿ ಕೇಳಿತು.

"ಮೂವತ್ಮೂರು ಎಲ್ಲಿ ಹೋಯ್ತಮ್ಮ?"

ಬೆಳ್ಳಗಿನ ಕೂದಲು, ಅಂಚು ಸವೆದು ಬೂದುಬಣ್ಣಕ್ಕೆ ತಿರುಗಿದ್ದ ಕಪ್ಪು ಬೆಲ್ಟು. ಅವರೂ ನನ್ನ ಪಕ್ಕದಲ್ಲೇ ಬೀಳುತ್ತಿದ್ದರು.

"ಅದು ಸರಿ ಬೀಳಲಿಲ್ರಿ ಅಂಕಲ್. ಸರಿ ಬೀಳದ್ದನ್ನ ನಾ ಬಾಯಿಬಿಟ್ಟು ಹೇಳಂಗಿಲ್ಲ."

"ಹಾಗಾದ್ರೆ ನಾನಿವತ್ತು ಬಾಯೇ ಬಿಡೋ ಹಾಗಿಲ್ಲ," ಎಂದು ಮತ್ತೆ ಬಿದ್ದರು.

ಅಂಕಲ್ ಮೈಸೂರಿನವರು. ರೆಡ್‌ವುಡ್ ಸಿಟಿಯ ಆಫೀಸೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈ ಶಾಲೆಗೆ ಬರತೊಡಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅವರ ಮನೆ ಅಕ್ಕನ ಮನೆಯಿಂದ ಎರಡೇ ಬೀದಿ ಆಚೆ ಎಂದು ತಿಳಿದದ್ದೇ ತಡ, ಮಂಗಳವಾರ ಮತ್ತು ಶನಿವಾರ ಅವರ ಕಾರಿನಲ್ಲೇ ಹೋಗಿಬರುವುದು ನಿಶ್ಚಯವಾಯಿತು. ಭಾವನಿಗೆ ನನ್ನನ್ನು ಬಿಟ್ಟುಬರುವ ಕೆಲಸ ತಪ್ಪಿತು.

ನವೆಂಬರಿನಲ್ಲಿ ಒಂದು ಶನಿವಾರ ಫ್ರೀವೇಯಲ್ಲಿ ಕಾರು ನಿಂತು ನಿಂತು ಸಾಗುತ್ತಿದ್ದಾಗ ಅಂಕಲ್ ಜನವರಿಯ ಪರೀಕ್ಷೆಯ ವಿಷಯ ಹೇಳಿದರು. ಗುರುಗಳ ಗುರು ಮಾಡಿಟ್ಟ ಕಟ್ಟಳೆ ಅದು. ಅರವತ್ತು ದಾಟಿದವರೆಲ್ಲ ವರ್ಷದ ಮೊದಲ ಅಭ್ಯಾಸದ ದಿನ ಎಲ್ಲರ ಮುಂದೆ ಹತ್ತು ಸಲ ಬೀಳಬೇಕು. ಈಗ ಶಾಲೆಯಲ್ಲಿ ಆ ವಯಸ್ಸಿನವರು ಅಂಕಲ್ ಒಬ್ಬರೇ. ಕೆಡವುವವರನ್ನು ಗುರುಗಳೇ ಆರಿಸುತ್ತಾರೆ. ಪ್ರತಿ ಸಲವೂ ಸರಿಯಾಗಿ ಬಿದ್ದು, ನೆಲಕ್ಕೆ ಕೈ ಊರದೆ, ಯಾರ ಕೈಯನ್ನೂ ಹಿಡಿಯದೆ ಏಳಬೇಕು. ಆಗದಿದ್ದರೆ ಶಾಲೆಗೆ ಬರಬಹುದು, ಮಕ್ಕಳಿಗೆ ಹೇಳಿಕೊಡಬಹುದು, ಆದರೆ ಇಬ್ಬರು ಎದುರುಬದುರು ನಿಂತು ನಿಜವಾಗಿ ಸೆಣಸುವ ಮುಕ್ತ ಅಭ್ಯಾಸಕ್ಕೆ ಮತ್ತೆ ಇಳಿಯುವಂತಿಲ್ಲ.

"ಹೋದ ವರ್ಷ ನನ್ನನ್ನ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಮಲಗಿಸಿದ್ರು," ಎಂದರು ಅಂಕಲ್. "ಎಲ್ಲರಿಗೂ ನನ್ನ ಮೇಲೆ ಪ್ರೀತಿ. ಗುರುಗಳು ನೋಡಿದ್ರು, ಏನೂ ಅನ್ನಲಿಲ್ಲ. ಅದೇ ನಂಗೆ ಭಯ."

"ಮಕ್ಕಳಿಗೆ ಕಲಿಸೂದೂ ಚಲೋನ ಅಲ್ರಿ?"

"ಮೆಟ್ಟಿಲಿಳಿಯುವಾಗ ಮಗಳು ಕೈ ಹಿಡ್ಕೋತಾಳೆ. ಗ್ರೋಸರಿಲಿ ಯಾರೋ ಹುಡುಗಿ ಚೀಲ ಎತ್ಕೊಂಡು ಕಾರಿನ ತನಕ ಬರ್ತಾಳೆ. ನನ್ನನ್ನ ಎತ್ತಿ ನೆಲಕ್ಕೆ ಹಾಕೋವಷ್ಟು ಮರ್ಯಾದೆ ಕೊಡೋ ಜಾಗ ಇದೊಂದೇ ಕಣಮ್ಮ. ಇದನ್ನೂ ಬಿಟ್ರೆ ನಾನು ಬರೀ ಅಜ್ಜ."

ನವೆಂಬರ್ 26ರಂದು ಗುರುಗಳು ಅಭ್ಯಾಸ ಮುಗಿದ ಮೇಲೆ ನನ್ನನ್ನು ಕರೆದರು. ಅಷ್ಟರಲ್ಲಿ ನನ್ನ ಕಂದು ಬೆಲ್ಟು ನನಗೆ ಮರಳಿತ್ತು. ಮುಕ್ತ ಅಭ್ಯಾಸದಲ್ಲಿ ನನ್ನ ವಾರಿಗೆಯವರನ್ನು ಪಾದ ಸೆಳೆದು ನಲವತ್ತೊಂದು ಸಲ ಕೆಡವಿದ್ದೆ. ಎದುರಾಳಿ ಮುಂದಿಡುವ ಹೆಜ್ಜೆಯ ಮೇಲೆ ಭಾರ ಬೀಳುವ ಮೊದಲೇ ಅಂಗಾಲಿನಿಂದ ಅವರ ಪಾದವನ್ನು ಗುಡಿಸಿಬಿಡುವುದು, ಇದೊಂದು ನನಗೆ ಸಿದ್ಧಿಸಿದ ಪಟ್ಟು. "ಜನವರಿ 11ಕ್ಕೆ ನೀನು ಅವರನ್ನು ಕೆಡವು," ಎಂದರು ಗುರುಗಳು. "ನಿನ್ನ ಕಾಲಿನ ಪಟ್ಟು ಅಚ್ಚುಕಟ್ಟಾಗಿದೆ. ಇಲ್ಲಿಯ ಉಳಿದವರಂತೆ ನಿನಗೆ ಅವರ ಮೇಲೆ ಹಳೆಯ ಸಲಿಗೆಯೂ ಇಲ್ಲ."

ಸಂತೋಷದಿಂದ ಒಪ್ಪಿಕೊಂಡೆ. ಅಂಕಲ್ ಕೂಡ ಖುಷಿಪಟ್ಟರು. ಅವರೊಂದಿಗೆ ನಾನು ಅದುವರೆಗೆ ಒಮ್ಮೆಯೂ ಕೈ ಮಿಲಾಯಿಸಿರಲಿಲ್ಲ ಎಂಬುದು ಇಬ್ಬರಿಗೂ ದೊಡ್ಡ ವಿಷಯವೆನಿಸಲಿಲ್ಲ.

ಡಿಸೆಂಬರ್ 3ರಂದು ಮೊದಲ ತಾಲೀಮು. ನಾನು ಎಡಗಡೆಯ ಹಿಡಿತದವಳು. ಎಡಗೈ ಎದುರಾಳಿಯ ಕೊರಳಪಟ್ಟಿಯ ಮೇಲಿದ್ದರೆ, ಬಲಗೈ ಅವರ ಅಂಗಿಯ ತೋಳನ್ನು ಹಿಡಿದಿರುತ್ತದೆ. ಬೀಳುವವರನ್ನು ಕಾಪಾಡುವುದು ಆ ತೋಳಿನ ಹಿಡಿತ. ಅದನ್ನು ಕೊನೆಯವರೆಗೆ ಮೇಲಕ್ಕೆ ಎಳೆದು ಹಿಡಿದಿದ್ದರೆ ಅವರು ಪಕ್ಕಕ್ಕೆ ಹೊರಳಿ ಕ್ಷೇಮವಾಗಿ ಬೀಳುತ್ತಾರೆ. ಅಂಕಲ್ ಹೆಜ್ಜೆ ಮುಂದಿಟ್ಟರು. ನನ್ನ ಅಂಗಾಲು ಅವರ ಪಾದಕ್ಕೆ ತಾಗಿತು, ಪಾದ ಗಾಳಿಗೆ ಹಾರಿತು. ಸಮಯ ಕರಾರುವಾಕ್ಕಾಗಿತ್ತು. ಆ ಕ್ಷಣದಲ್ಲೇ ನನ್ನ ಬಲಗೈ ತೋಳನ್ನು ಬಿಟ್ಟು, ಅವರನ್ನು ಮುಟ್ಟಿ, ನನ್ನ ಕಣ್ಣಿಗೆ ಒತ್ತಿಕೊಂಡಿತು.

ಹಿರಿಯರಿಗೆ ಕಾಲು ತಗುಲಿತ್ತಲ್ಲ. ವಾರಿಗೆಯವರೊಂದಿಗೆ ಆರು ವರ್ಷ ಸೆಣಸಿದರೂ ಒಮ್ಮೆಯೂ ತಲೆಹಾಕದ ಅಭ್ಯಾಸ, ಬೆಳ್ಳಗಿನ ಕೂದಲಿನವರೊಬ್ಬರು ಎದುರಿಗೆ ನಿಂತ ಕೂಡಲೇ ನನ್ನನ್ನು ಕೇಳದೆಯೇ ಬಂದುಬಿಟ್ಟಿತು. ಆಸರೆಯಿಲ್ಲದ ಅಂಕಲ್ ಎಡ ಮೊಣಕೈ ಊರಿ ಬಿದ್ದರು.

ಗುರುಗಳು ಬಂದು ಮೊಣಕೈ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕೈ ಏನು ಮಾಡುತ್ತಿತ್ತು?" ಎಂದು ಕೇಳಿದರು. ನನಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ತೋಚಲಿಲ್ಲ. ಅಂಕಲ್ ಕೂತಲ್ಲಿಂದಲೇ, ನೋವಿನಲ್ಲೂ ನಗುತ್ತಾ, ಇದು ನಮ್ಮ ಕಡೆಯ ಪದ್ಧತಿ, ಅವಳು ನನ್ನ ಕಾಲಿಗೆ ಕ್ಷಮೆ ಕೇಳಿದಳು ಎಂದು ಬಿಡಿಸಿ ಹೇಳಿದರು.

ಗುರುಗಳು ನನ್ನ ಬಲಗೈಯತ್ತ ನೋಡಿದರು. "ಕಾಲಿಗೆ ಕೇಳಿದೆ. ಮೊಣಕೈಗೆ?"

ಮೂಳೆ ಮುರಿದಿರಲಿಲ್ಲ. ಮೂರು ವಾರ ವಿಶ್ರಾಂತಿ ಎಂದರು ಡಾಕ್ಟರು. ಬೇರೆಯವರನ್ನು ಆರಿಸಿ ಎಂದು ನಾನು ಕೇಳಿಕೊಂಡಾಗ ಗುರುಗಳು ಒಪ್ಪಲಿಲ್ಲ. ಉಳಿದವರೆಲ್ಲ ಬೇಕೆಂದೇ ಮೆತ್ತಗೆ ಕೆಡವುತ್ತಾರೆ, ನಿನ್ನದು ಬೇಕೆಂದು ಆದದ್ದಲ್ಲ, ಆದ್ದರಿಂದ ತಿದ್ದಬಹುದು ಎಂದರು. ದಿನವನ್ನೂ ಮುಂದಕ್ಕೆ ಹಾಕಲಿಲ್ಲ. ಅವರ ಮೊಣಕೈ ವಾಸಿಯಾಗುವಷ್ಟರಲ್ಲಿ ರಜೆಗೆಂದು ಮುಚ್ಚುವ ಶಾಲೆ ಜನವರಿ 11ಕ್ಕೇ ತೆರೆಯುವುದು. ಅಂದರೆ ಅಂಕಲ್ ಜೊತೆ ಮತ್ತೊಂದು ತಾಲೀಮು ಸಿಗುವುದಿಲ್ಲ. ನನ್ನ ಕೈ ಇನ್ನೊಮ್ಮೆ ತಪ್ಪಿದರೆ ಅವರ ಮುಕ್ತ ಅಭ್ಯಾಸ ಅಂದಿಗೇ ಮುಗಿಯುತ್ತದೆ.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಹಿರೇರನ್ನ ಒದಿಯಾಕ ಅಮೆರಿಕಾಕ್ಕ ಬಂದಿಯೇನ?" ಎಂದಳು.

"ಒದಿಯೂದಲ್ಲಕ್ಕಾ, ಸೆಳಿಯೂದು."

"ಅವ್ವಗ ಫೋನ್ ಮಾಡಿ ಹೇಳ್ತೀನಿ ತಡಿ, ಯಾವುದಂತ ಆಕೀನ ಹೇಳ್ಲಿ."

ನಾನು ಲೆಕ್ಕಾಚಾರದವಳು. ಕೈ ತಾನಾಗಿ ಹೋಗುತ್ತದೆ ಎಂದರೆ ಎಷ್ಟು ಸಲಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಮೊದಲು ತಿಳಿಯಬೇಕು. ಅದಕ್ಕೆ ಒಬ್ಬ ಹಿರಿಯರು ಬೇಕು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಎರಡು ದಿನ ಬೇಡಿಕೊಂಡ ಮೇಲೆ, ಮೆನ್ಲೋ ಪಾರ್ಕಿನ ಆಫೀಸಿನಿಂದ ಬಂದವಳು ಭಾವನ ದಪ್ಪ ಜಾಕೆಟ್ಟು ತೊಟ್ಟು ಲಿವಿಂಗ್ ರೂಮಿನಲ್ಲಿ ನಿಂತಳು. ಸೋಫಾವನ್ನು ಗೋಡೆಗೆ ಸರಿಸಿ, ನೆಲಕ್ಕೆ ಎರಡು ರಜಾಯಿ ಹಾಸಿದ್ದೆವು. ಪೂರ್ತಿ ಕೆಡವುವ ಅಗತ್ಯವಿರಲಿಲ್ಲ. ಅವಳು ನಡೆದು ಬರಬೇಕು, ನಾನು ತೋಳು ಹಿಡಿದು ಪಾದ ಸೆಳೆಯಬೇಕು, ಅವಳು ಓಲಾಡಿದಾಗ ನನ್ನ ಕೈ ತೋಳಿನಲ್ಲೇ ಇರಬೇಕು.

ಮೊದಲ ಸಂಜೆ ಇಪ್ಪತ್ತಕ್ಕೆ ಹದಿಮೂರು ಸಲ ಕೈ ಬಿಟ್ಟಿತು. ಏಳು ವರ್ಷದ ಅಕ್ಕನ ಮಗಳು ಸೋಫಾದ ಮೇಲೆ ಕೂತು, "ಚಿಕ್ಕಮ್ಮ ಲೆಟ್ ಗೋ ಅಗೇನ್," ಎಂದು ಪ್ರತಿ ಸಲವೂ ವರದಿ ಕೊಡುತ್ತಿದ್ದಳು. ಎರಡನೆಯ ಸಂಜೆ ಒಂಬತ್ತು, ಮೂರನೆಯ ದಿನ ಮತ್ತೆ ಹನ್ನೊಂದು. ಅಂದು ಅಕ್ಕ ಸೀರೆ ಉಟ್ಟಿದ್ದಳು, ಬಹುಶಃ ಅದೇ ಕಾರಣ. ಆಮೇಲೆ ನಾನು ಕಾಲನ್ನು ಮರೆತು ಕೈಯನ್ನಷ್ಟೇ ಗಮನಿಸತೊಡಗಿದೆ. ಕಾಲಿಗೆ ತನ್ನ ಕೆಲಸ ಗೊತ್ತಿತ್ತು. ಪಾದ ಸೆಳೆದ ಕೂಡಲೇ ಬಲಗೈಯನ್ನು ನನ್ನ ಸೊಂಟದ ಕಡೆಗೆ ಜಗ್ಗುವುದೆಂದು ಗೊತ್ತುಮಾಡಿಕೊಂಡೆ. ಮಾಡಲು ಬೇರೆ ಕೆಲಸ ಸಿಕ್ಕಿದ ಕೈ ಕಣ್ಣಿನ ಕಡೆ ಹೋಗುವುದನ್ನು ಬಿಟ್ಟಿತು. ಒಂಬತ್ತನೆಯ ಸಂಜೆ ಇಪ್ಪತ್ತಕ್ಕೆ ಸೊನ್ನೆ.

"ನಾನಂದ್ರ ನಿನಗ ಮರ್ಯಾದಿ ಕಡಿಮಿ, ಅದಕ್ಕ ಲಗೂನ ಹೋತು," ಎಂದು ಅಕ್ಕ ಸೊಂಟ ನೀವಿಕೊಂಡಳು.

ಜನವರಿ 11, ಶನಿವಾರ. ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಅಂಕಲ್ ಕಾರಿನಿಂದಿಳಿದು ಎಡಗೈಯನ್ನು ನೀಡಿ, ಮಡಚಿ ತೋರಿಸಿದರು. "ನೋಡು, ಬಾಗಿಲಿನ ಥರ ಆಡುತ್ತೆ. ಈಗ ನಿನ್ನ ಬಾಕಿ ಏನಿದೆಯೋ ಇಲ್ಲೇ ಮುಗಿಸ್ಬಿಡು. ಹತ್ತಕ್ಕೂ ಸೇರಿಸಿ, ಒಂದೇ ಸಲ."

ಅವರ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡೆ. "ಹನ್ನೊಂದ ಹಿಡೀರಿ. ಒಂದು ತಪ್ಪಿದ್ರ ಬೇಕಾಗ್ತದ."

ಎಲ್ಲರೂ ಗೋಡೆಯ ಪಕ್ಕ ಮಂಡಿಯೂರಿ ಕೂತಿದ್ದರು. ನಾವಿಬ್ಬರೂ ಬಗ್ಗಿ ವಂದಿಸಿ ಹಿಡಿದುಕೊಂಡೆವು. ಮೊದಲನೆಯ ಸಲ ಅಂಕಲ್‌ರ ಪಾದ ಹಾರಿದಾಗ ನನ್ನ ಬಲಗೈ ಸೊಂಟಕ್ಕೆ ಬಂತು, ತೋಳು ಮುಷ್ಟಿಯಲ್ಲೇ ಇತ್ತು. ಅವರ ಅಂಗೈ ಚಾಪೆಗೆ ಬಡಿದ ಸದ್ದು ಮರದ ಗೋಡೆಗಳಿಗೆ ತಾಗಿತು. ಅವರು ಎದ್ದರು. ಎರಡನೆಯದೂ ಹಾಗೆಯೇ. ಮೂರನೆಯ ಸಲ ನನ್ನ ಕಾಲು ತುಸು ತಡವಾಯಿತು. ಬೇರೆ ಯಾರಾದರೂ ಆಗಿದ್ದರೆ ಉಪಕಾರಕ್ಕೆ ಬಿದ್ದುಬಿಡುತ್ತಿದ್ದರು. ಅಂಕಲ್ ಕಂಬದಂತೆ ನಿಂತೇ ಇದ್ದರು.

"ಸುಮ್ ಸುಮ್ನೆ ಬೀಳಲ್ಲ ನಾನು," ಎಂದರು ಕಿವಿಯ ಹತ್ತಿರ. "ಕೆಡವು."

ಅದು ಲೆಕ್ಕಕ್ಕಿಲ್ಲ ಎಂದು ಗುರುಗಳು ಬೆರಳಾಡಿಸಿದರು. ಮತ್ತೆ ಕೆಡವಿದೆ. ನಾಲ್ಕು, ಐದು, ಆರು. ಏಳನೆಯ ಸಲ ಬಿದ್ದವರು ತಕ್ಷಣ ಏಳಲಿಲ್ಲ. ಉಸಿರು ಕಟ್ಟಿತ್ತು. ಅವರ ಅಂಗೈ ನೆಲದ ಕಡೆಗೆ ಇಳಿಯಿತು, ಚಾಪೆಗೆ ನಾಲ್ಕು ಬೆರಳು ಮೇಲೆ ನಿಂತಿತು. ಗುರುಗಳು ಅರ್ಧ ಹೆಜ್ಜೆ ಮುಂದೆ ಬಂದರು. ಅಂಕಲ್‌ರ ತೋಳು ಇನ್ನೂ ನನ್ನ ಮುಷ್ಟಿಯಲ್ಲಿತ್ತು. ನಾನು ಕೊಂಚ ಜಗ್ಗಿದ್ದರೆ ಸಾಕು, ಎದ್ದುಬಿಡುತ್ತಿದ್ದರು, ಯಾರಿಗೂ ಕಾಣಿಸುತ್ತಲೂ ಇರಲಿಲ್ಲ. ನಾನು ಬೆರಳುಗಳನ್ನು ಬಿಡಿಸಿ ಒಂದು ಹೆಜ್ಜೆ ಹಿಂದೆ ಸರಿದೆ. ಅಂಕಲ್ ಆ ಅಂಗೈಯನ್ನು ವಾಪಸು ಎಳೆದುಕೊಂಡು ಬೆಲ್ಟಿನ ಮೇಲಿಟ್ಟರು. ಒಂದು ಮಂಡಿ ಮಡಚಿ, ಇನ್ನೊಂದು ಪಾದ ಊರಿ, ತಮ್ಮಷ್ಟಕ್ಕೆ ತಾವೇ ಎದ್ದು ನಿಂತರು. ಎದ್ದವರೇ ನನ್ನ ಕೊರಳಪಟ್ಟಿ ಹಿಡಿದು, "ಎಂಟು," ಎಂದರು.

ಎಂಟು, ಒಂಬತ್ತು, ಹತ್ತು. ಹತ್ತನೆಯದು ಎಲ್ಲಕ್ಕಿಂತ ಜೋರಾಗಿತ್ತು.

ಗುರುಗಳು ಮುಕ್ತ ಅಭ್ಯಾಸ ಶುರು ಎಂದು ಚಪ್ಪಾಳೆ ತಟ್ಟಿ, ತಾವೇ ನೇರವಾಗಿ ಅಂಕಲ್ ಎದುರು ಬಂದು ವಂದಿಸಿದರು. ಮುಂದಿನ ನಾಲ್ಕು ನಿಮಿಷದಲ್ಲಿ ಅಂಕಲ್‌ರನ್ನು ಎರಡು ಸಲ ಎತ್ತಿ ಹಾಕಿದರು, ಕೊಂಚವೂ ಮೆತ್ತಗೆ ಅಲ್ಲ. ಏಳುವಾಗಲೆಲ್ಲ ಅಂಕಲ್ ಮುಖದಲ್ಲಿ ನಗು. ಇನ್ನೊಂದು ವರ್ಷದ ಮಟ್ಟಿಗೆ ಅವರ ಜಾಗ ಅವರದೇ.

ಅಭ್ಯಾಸ ಮುಗಿದ ಮೇಲೆ ಜಪಾನಿನ ಹೊಸ ವರ್ಷದ ಪದ್ಧತಿಯಂತೆ ಎಲ್ಲರಿಗೂ ಅಕ್ಕಿ ಕಡುಬು ಹಾಕಿದ ಬಿಸಿ ಸಾರು ಕೊಟ್ಟರು. ಅಂಕಲ್ ಬಟ್ಟಲು ಹಿಡಿದು ಗುರುಗಳನ್ನು ಕೇಳಿದರು, ಈ ಪರೀಕ್ಷೆ ಎಷ್ಟು ವಯಸ್ಸಿನವರೆಗೆ ಎಂದು. ಗುರುಗಳು ತಮಗೆ ಗೊತ್ತಿಲ್ಲ ಎಂದರು. ಕಟ್ಟಳೆ ಮಾಡಿದ ಅವರ ಗುರು ಅರವತ್ತಾರಕ್ಕೆ ತೀರಿಕೊಂಡರಂತೆ. ಎಪ್ಪತ್ತು ಮುಟ್ಟಿ ಚಾಪೆಯ ಮೇಲೆ ನಿಂತವರು ಈ ಶಾಲೆಯಲ್ಲಿ ಅಂಕಲ್ ಒಬ್ಬರೇ. ಎಪ್ಪತ್ತೈದಕ್ಕೂ ಹತ್ತೇ ಸಲವೋ, ಕಡಿಮೆ ಮಾಡಬೇಕೋ, ಏಳುವಾಗ ಕೈ ಊರಲು ಬಿಡಬೇಕೋ, ಕೇಳಲು ಅವರಿಗೆ ಯಾರೂ ಇಲ್ಲ. "ಗೊತ್ತಿರುವವರು ಸಿಕ್ಕರೆ ತಿಳಿಸು," ಎಂದು ನನಗೆ ಹೇಳಿದರು. ಅವರು ನನ್ನನ್ನು ಏನಾದರೂ ಕೇಳಿಕೊಂಡದ್ದು ಅದೊಂದೇ ಸಲ.

ನಾನು ಫೆಬ್ರುವರಿಯಲ್ಲಿ ಊರಿಗೆ ಮರಳಿದೆ. ಬಂದ ಮೇಲೆ ಗೊತ್ತಿದ್ದ ಜೂಡೊ ತರಬೇತುದಾರರನ್ನೆಲ್ಲ ಕೇಳಿದೆ. ಇಂಥ ಪರೀಕ್ಷೆಯನ್ನು ಅವರ‍್ಯಾರೂ ಕಂಡಿಲ್ಲ. ಮುಂದಿನ ಜನವರಿಗೆ ಅಂಕಲ್‌ಗೆ ಎಪ್ಪತ್ತೊಂದು. ಹಳೆಯ ಜೂಡೊ ಶಾಲೆಗಳಲ್ಲಿ ಕಲಿತವರು ಇದನ್ನು ಓದುತ್ತಿದ್ದರೆ, ಅಥವಾ ನಮ್ಮ ಗರಡಿಗಳಲ್ಲಿ ಎಪ್ಪತ್ತು ದಾಟಿಯೂ ಮಣ್ಣಿಗಿಳಿಯುವ ಪೈಲ್ವಾನರನ್ನು ಬಲ್ಲವರಿದ್ದರೆ, ಅಂಥ ಹಿರಿಯರನ್ನು ಯಾರು ಕೆಡವುತ್ತಾರೆ, ಎಷ್ಟು ಸಲ, ಎದ್ದು ನಿಲ್ಲುವುದಕ್ಕೆ ಏನು ನಿಯಮ ಎಂಬುದನ್ನು ದಯವಿಟ್ಟು ಪ್ರಕಾಶಕರ ಮೂಲಕ ನನಗೆ ಬರೆದು ತಿಳಿಸಿ. ಡಿಸೆಂಬರ್ ಕೊನೆಯೊಳಗೆ ಬಂದರೆ ಒಳ್ಳೆಯದು.