ಅಕ್ಕನ ಕಡೆಯಿಂದ ರಕ್ತಪಿಶಾಚಿಯ ಕಥೆ

ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿಗೆ ರಕ್ತಪಿಶಾಚಿಯನ್ನು ಕರೆತಂದ ಪುಣ್ಯ ನನ್ನ ಅಕ್ಕನಿಗೇ ಸಲ್ಲಬೇಕು. ಸುರಪುರದ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಅವಳು ತಂದ ಆ ಕಾದಂಬರಿಗೆ ರಟ್ಟಿರಲಿಲ್ಲ, ಮೊದಲ ಕೆಲವು ಪುಟಗಳೂ ಇರಲಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮಲ್ಲಿ ರಕ್ತ ಹೀರುವವರಿಗೆ ಕೊರತೆಯೇನೂ ಇರಲಿಲ್ಲ. ಸಂಜೆಯಾದರೆ ಸೊಳ್ಳೆಗಳು ದಂಡುಗಟ್ಟಿ ಬರುತ್ತಿದ್ದವು. ಆದರೆ ಅವನ್ನು ಯಾರೂ ಪ್ರೇಮಿಸಿರಲಿಲ್ಲ. ಈ ಪುಸ್ತಕದಲ್ಲಿ ಪ್ರೇಮಿಸುತ್ತಿದ್ದರು. ಹೊಸತನವೆಂದರೆ ಅದೇ.

ಮಧ್ಯಾಹ್ನ ಹೆಂಗಸರು ನಮ್ಮ ಕಟ್ಟೆಯ ಮೇಲೆ ಸೇರಿ ಬಿತ್ತನೆಯ ಶೇಂಗಾ ಒಡೆಯುತ್ತಿದ್ದರು. ಅಕ್ಕ ದಿನಕ್ಕಿಷ್ಟು ಓದಿ, ನಮ್ಮ ಮಾತಿಗೆ ತಿರುಗಿಸಿ ಹೇಳುವಳು. ಕಥೆ ಇಷ್ಟೇ: ಬಿಳಿಚಿದ ಮುಖದ ಯುವಕನೊಬ್ಬ ಒಂದು ಮನೆಯ ಹುಡುಗಿಗೆ ಮನಸೋಲುತ್ತಾನೆ. ಹುಡುಗಿಯೂ ಸೋಲುತ್ತಾಳೆ. ಅವನ ಜಾತಿಗೊಂದು ಕಟ್ಟಳೆಯುಂಟು, ಮನೆಯವರು ಯಾರಾದರೂ ಬಾಯಿಬಿಟ್ಟು ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಹುಡುಗಿಗೊಬ್ಬ ಅಕ್ಕ ಇದ್ದಾಳೆ. ಒಮ್ಮೆ ದೀಪ ತಂದಿಡುತ್ತಾಳೆ, ಒಮ್ಮೆ ಮೂರ್ಛೆ ಹೋಗುತ್ತಾಳೆ. ಲೇಖಕರು ಅವಳಿಗೆ ಒಪ್ಪಿಸಿದ ಕೆಲಸ ಅಷ್ಟೇ.

ಅದೇ ದಿನಗಳಲ್ಲಿ ಶಹಾಪುರದಿಂದ ವರಮಹಾಶಯರು ನಮ್ಮ ಮನೆಗೆ ಚಿತ್ತೈಸಿದ್ದರು, ಅಕ್ಕನನ್ನು ನೋಡಲು. ನಾನು ಮಂಡಕ್ಕಿಯ ಸುಸಲಾ ತಂದುಕೊಟ್ಟೆ. ಅವರ ದೃಷ್ಟಿ ಅಕ್ಕನ ಮೇಲಿಂದ ಎದ್ದು ತಟ್ಟೆಗೆ ಬಂತು, ತಟ್ಟೆಯಿಂದ ಅದನ್ನು ಹಿಡಿದ ಕೈಗೆ ಬಂತು, ಅಲ್ಲೇ ಠಿಕಾಣಿ ಹೂಡಿತು. ಕೆಲವು ದಿನ ಬಿಟ್ಟು, ಸಣ್ಣಾಕಿಯಾದರೆ ನಡೆದೀತೆಂದು ಸಂಬಂಧ ತಂದ ಮಾವನ ಕೈಲಿ ಹೇಳಿಕಳಿಸಿದರು.

ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅಪ್ಪ ನಿಯಮದ ಮನುಷ್ಯ. ದೊಡ್ಡಾಕಿ ಹೂಂ ಅನ್ನದೆ ಸಣ್ಣಾಕಿಗೆ ಮದುವೆಯ ಅಕ್ಕಿಕಾಳು ಬೀಳುವುದಿಲ್ಲ ಎಂದರು. ನ್ಯಾಯವಾದ ಮಾತು. ಆದರೆ ದೊಡ್ಡಾಕಿಯನ್ನು ಕೇಳುವವರು ಯಾರು? ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ಜಂತಿ ನೋಡಿದರು. ಮಾವ ಮಾತ್ರ ಎರಡು ಸಲ ಬಂದು ಚಹಾ ಕುಡಿದು ಹೋದ. ಅಕ್ಕನಿಗೆ ಎಲ್ಲ ಗೊತ್ತಿತ್ತು. ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬೇಯಿಸುತ್ತಿದ್ದೆ. ನಾವಿಬ್ಬರೂ ಮಾತಾಡಿದ್ದು ಹಿಟ್ಟಿನ ಬಗ್ಗೆ.

ಒಂದು ಮಧ್ಯಾಹ್ನ ಅಕ್ಕ ಪುಸ್ತಕ ಬಿಚ್ಚಲಿಲ್ಲ.

“ಇವತ್ತ ಆ ಅಕ್ಕನ ಕಡಿಂದ ಹೇಳ್ತೀನಿ,” ಎಂದಳು.

ಎದುರು ಮನೆಯ, ಕಾಲುವೆ ಗೇಟ್ ಆಪರೇಟರನ ಹೆಂಡತಿ ನಕ್ಕಳು. “ಆಕಿದೇನೈತಿ ಕತಿ? ದೀಪ ಇಟ್ಟು ಹೋಗ್ಯಾಳ.”

“ದೀಪಕ್ಕ ಎಣ್ಣಿ ಯಾರ್ ಹಾಕ್ಯಾರ್ರಿ?”

ಅಕ್ಕನ ಕಥೆಯಲ್ಲಿ ದೊಡ್ಡವಳಿಗೆ ಮೊದಲಿನಿಂದಲೇ ಎಲ್ಲ ತಿಳಿದಿತ್ತು. ತಂಗಿಯ ದಿಂಬಿನ ಚೀಲ ಒಗೆಯುವವಳು ಅವಳೇ, ತಂಗಿ ರಾತ್ರಿ ಹಿತ್ತಲಿನಲ್ಲಿ ಅವನನ್ನು ಕಂಡುಬಂದ ಮರುದಿನ ರಕ್ತದ ಚುಕ್ಕೆ ಕಂಡಿದ್ದಳು. ಹೊರಗೆ ಕಟ್ಟೆಯ ಮೇಲೆ ಊಟಕ್ಕೆ ಕೂತವನ ಎಲೆ ಮುಟ್ಟದೆ ಹಾಗೇ ಇದ್ದುದನ್ನು ಎತ್ತುವವಳೂ ಅವಳೇ. ಹೆಂಗಸರು ನಕ್ಕರು, ಹೂಂಗುಟ್ಟಿದರು. ಆಮೇಲೆ ಅಕ್ಕ, ಆ ಯುವಕ ಮೊದಲು ಬಂದದ್ದು ದೊಡ್ಡವಳನ್ನೇ ನೋಡಲಿಕ್ಕೆ ಎಂದಳು. ಪುಸ್ತಕದಲ್ಲಿ ಅದಿರಲಿಲ್ಲ. ಅವಳ ಕುತ್ತಿಗೆ ನೋಡಿದ, ತಂಗಿಯ ಕುತ್ತಿಗೆ ನೋಡಿದ, ಅಷ್ಟೇ ಎಂದಳು. ಶೇಂಗಾ ಒಡೆಯುವ ಸಪ್ಪಳ ತೆಳುವಾಯಿತು. ಅವ್ವ ಮೊರ ಕೆಳಗಿಟ್ಟಳು.

ಕೊನೆಗೆ ಅವನು ಹೊತ್ತು ಮುಳುಗುವಾಗ ಬಂದು ಬಾಗಿಲಲ್ಲಿ ನಿಂತ. ಒಳಗೆ ತಂಗಿ ಸುಮ್ಮನೆ ಕೂತಿದ್ದಳು. ತಂದೆ ನೆಲ ನೋಡುತ್ತಿದ್ದ. ಯಾರೂ ಕರೆಯಲಿಲ್ಲ. ಆಗ ದೊಡ್ಡವಳು ತಂಬಿಗೆಯಲ್ಲಿ ನೀರು ತಂದು, ಕಾಲು ತೊಳೆದುಕೊಂಡು ಒಳಗೆ ಬರ್ರಿ ಅಂದಳಂತೆ.

“ಗೊತ್ತಿದ್ದೂ ಕರದ್ಲೇನು?” ಎಂದಳು ಎದುರು ಮನೆಯವಳು.

“ಬಾಗಿಲಾಗ ಎಷ್ಟ ಹೊತ್ತು ನಿಂದ್ರಸ್ತೀರಿ? ಮನ್ಯಾಗ ಒಬ್ರೂ ಬಾಯಿ ಬಿಡವಲ್ರು.”

ಅವ್ವ ಕೇಳಿದಳು, “ಹಂಗಾರ ನಿಮ್ಮಪ್ಪಗ ಹೇಳ್ಲೇನು?”

“ಹೇಳು,” ಎಂದಳು ಅಕ್ಕ. ಶೇಂಗಾ ಒಡೆಯುವ ಕೈಯೂ ನಿಲ್ಲಲಿಲ್ಲ.

ಹೀಗೆ ನನ್ನ ವಿವಾಹವು ನಿಶ್ಚಯವಾಯಿತು. ನನಗೆ ಸಂತೋಷವಾಯಿತೇ, ದುಃಖವಾಯಿತೇ ಎಂದು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ, ಎರಡೂ ಸಿಕ್ಕಿಲ್ಲ. ಶೇಂಗಾ ಒಡೆದು ಹೆಬ್ಬೆರಳು ಉರಿಯುತ್ತಿದ್ದದ್ದು ನೆನಪಿದೆ. ಸಂಜೆ ಅವ್ವ ಹೇಳಿದಾಗ ಅಪ್ಪ ಆಗಲಿ ಎಂದರು, ಅಂಗಿ ತೊಟ್ಟು ಮಾವನಿಗೆ ಸುದ್ದಿ ಮುಟ್ಟಿಸಲು ಹುಣಸಗಿಯ ಬಸ್ಸು ಹಿಡಿದರು.

ಮರುದಿನ ಹೆಂಗಸರು ಮೊರ ಹಿಡಿದು ಮತ್ತೆ ಬಂದರು. ಒಳಗೆ ಕರೆದ ಮೇಲೆ ಏನಾಯಿತೆಂದು ಅವರಿಗೆ ತಿಳಿಯಬೇಕಿತ್ತು.

“ಮುಂದಿಂದು ಆ ಅಕ್ಕಗ ಗೊತ್ತಿಲ್ರಿ,” ಎಂದಳು ನನ್ನ ಅಕ್ಕ. “ಆಕಿ ಅಡಗಿ ಮನ್ಯಾಗಿದ್ಲು.”

“ಹಂಗಾರ ತಂಗಿನೇ ಹೇಳ್ಬೇಕಾತು,” ಎಂದು ಎದುರು ಮನೆಯವಳು ನನ್ನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಅಕ್ಕ ಮಾತ್ರ ತಿರುಗಲಿಲ್ಲ. ನಾನು ಒಂದು ಬೊಗಸೆ ಶೇಂಗಾ ಉಡಿಗೆ ಸುರಿದುಕೊಂಡು ಒಡೆಯತೊಡಗಿದೆ.