ಮೂರನೆಯ ಒಣ ಬಟ್ಟಲು

ಪಾಪಕ್ಕೆ ಫಲವಿದೆ ಎಂಬ ಬೋಧನೆಯನ್ನು ನಾನು ಬಹಳ ಕಾಲ ನಂಬಿರಲಿಲ್ಲ. ದೇವರನ್ನು ನಂಬಿದ್ದೆ, ಆದರೆ ಆತ ಈ ಲೋಕದಲ್ಲಿ ಯಾರನ್ನಾದರೂ ತಡೆದು ನಿಲ್ಲಿಸಿ ಪ್ರಶ್ನಿಸುತ್ತಾನೆಂದು ನಂಬಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದ್ದು ಇದಕ್ಕೆ ಕಾರಣವಲ್ಲ. ಹರಿಹರದ ನಮ್ಮ ಕ್ರೈಸ್ತ ಸಭೆಯ ಮೊದಲ ಬೆಂಚಿನ ಮುಖಗಳೇ ಕಾರಣ. ವಾರವಿಡೀ ಮಾಡಿದ್ದನ್ನೆಲ್ಲ ಭಾನುವಾರದ ಎರಡು ನಿಮಿಷದ ಪಾಪನಿವೇದನೆಯಲ್ಲಿ ಒಗೆದು ಹಿಂಡಿ, ತಮ್ಮ ಇಸ್ತ್ರಿ ಅಂಗಿಗಳಷ್ಟೇ ಶುಭ್ರರಾಗಿ ಹೊರಬರುತ್ತಿದ್ದ ಆ ಮುಖಗಳಲ್ಲಿ ನಾನು ಎಂದೂ ಭಯ ಕಂಡಿರಲಿಲ್ಲ. ಈಗ ಹೇಳಲಿರುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆರು ವರ್ಷಗಳ ಹಿಂದಿನ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ನಾನು ಪ್ರತಿ ಭಾನುವಾರ ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತಿದ್ದೆ. ಎಂ.ಎ. ಮುಗಿಸಿದವನು, ಕನ್ನಡ ಚೆನ್ನಾಗಿ ಬರೆಯುತ್ತಾನೆ ಎಂಬ ಕಾರಣಕ್ಕೆ ನನ್ನನ್ನು ಸಭೆಯ ಆಡಳಿತ ಮಂಡಳಿಗೆ ಕಾರ್ಯದರ್ಶಿ ಮಾಡಿದ್ದರು. ಸಭೆಯ ಹಿರಿಯರೆಂಬ ಪದವಿಯಲ್ಲಿದ್ದ ಸುಂದರರಾಜ್, ಆವರಣದಲ್ಲೇ ಇದ್ದ ಹುಡುಗಿಯರ ಹಾಸ್ಟೆಲಿನ ಉಸ್ತುವಾರಿ. ಅಲ್ಲಿ ಅಡುಗೆ ಮಾಡುತ್ತಿದ್ದವರು ಕೊಕ್ಕನೂರಿನ ಕಮಲಮ್ಮ. ಕರ್ತನ ಭೋಜನಕ್ಕೆ, ಅಂದರೆ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ರಸ ಕುಡಿಯುವ ವಿಧಿಗೆ, ಬೇಕಾದ ದ್ರಾಕ್ಷಾರಸವನ್ನೂ ಅವರೇ ಮಾಡುತ್ತಿದ್ದರು: ಶನಿವಾರ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಭಾನುವಾರ ಬೆಳಿಗ್ಗೆ ಪುಟ್ಟ ಗಾಜಿನ ಬಟ್ಟಲುಗಳಿಗೆ ತುಂಬುವುದು.

ಆ ಬೇಸಿಗೆಯಲ್ಲಿ ಒಂದು ದಿನ ನನ್ನೆದುರೇ ಕಮಲಮ್ಮ ಸುಂದರರಾಜ್ ಅವರನ್ನು ತಡೆದರು.

"ಸಾಹೇಬ್ರೆ, ಟ್ಯಾಂಕಿನ ನೀರು ನಾತ ಹೊಡಿತೈತ್ರಿ. ಒಂದ್ಸಲ ಮ್ಯಾಲೆ ಹತ್ತಿಸಿ ನೋಡ್ಸ್ರಿ. ಮೂರನೇ ಸಲ ಹೇಳಾಕತ್ತೀನಿ."

"ನಿನ್ ಮೂಗು ಭಾರಿ ಉದ್ದ ಐತಿ ಕಮಲಮ್ಮ," ಎಂದು ಅವರು ನಕ್ಕರು. "ಹಬ್ಬ ಮುಗೀಲಿ, ನೋಡಾಣ."

ನಾನೂ ನಕ್ಕೆ. ಮುಂದಿನ ವಾರ ಹನ್ನೊಂದು ಹುಡುಗಿಯರು ವಾಂತಿಯಾಗಿ ಆಸ್ಪತ್ರೆ ಸೇರಿದರು. ಟ್ಯಾಂಕಿನಲ್ಲಿ ಕೊಳೆತ ಪಾರಿವಾಳ ಸಿಕ್ಕಿತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆಡಳಿತ ಮಂಡಳಿ ಸೇರಿದಾಗ ಸುಂದರರಾಜ್ ಕಣ್ಣೊರೆಸಿಕೊಳ್ಳುತ್ತ, ಅಡುಗೆಯವಳು ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದರು. ಪಾಸ್ಟರ್ ತಲೆಯಾಡಿಸಿದರು. ಮಂಡಳಿ ತಲೆಯಾಡಿಸಿತು. ತಲೆಯಾಡಿಸುವುದನ್ನೇ ಭಕ್ತಿಯೆಂದು ತಿಳಿದ ಜನ ಅವರು. ಕಮಲಮ್ಮನ ಕೆಲಸ ಹೋಯಿತು. ಅದು ಸಾಲದೆಂಬಂತೆ ಅವರನ್ನು ಸಭಾ ಶಿಸ್ತಿಗೂ ಒಳಪಡಿಸಿದರು. ಅಂದರೆ, ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವವರೆಗೆ ಅವರು ಕರ್ತನ ಭೋಜನದ ಬಟ್ಟಲು ಮುಟ್ಟುವಂತಿಲ್ಲ. ಆ ತೀರ್ಪಿನ ಪತ್ರವನ್ನು ಬರೆದವನು ನಾನು. ಒಂದು ಅಕ್ಷರವೂ ತಪ್ಪಿರಲಿಲ್ಲ. ಒಂದು ವಾಕ್ಯವೂ ನಿಜವಾಗಿರಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ, ರಸ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಎರಡು ತಟ್ಟೆಗಳ ಬಟ್ಟಲುಗಳನ್ನೆಲ್ಲ ಒಂದೊಂದಾಗಿ ನಾನೇ ತುಂಬಿದೆ. ಅಯೋಗ್ಯನಾಗಿ ಕುಡಿಯುವವನು ತನ್ನ ಮೇಲೆ ತಾನೇ ತೀರ್ಪು ತಂದುಕೊಳ್ಳುತ್ತಾನೆಂಬ ಎಚ್ಚರಿಕೆಯನ್ನು ಪಾಸ್ಟರ್ ಎಂದಿನಂತೆ ಬಸ್ ಕಂಡಕ್ಟರ್ ಊರ ಹೆಸರು ಕೂಗುವ ಧಾಟಿಯಲ್ಲಿ ಓದಿ ಮುಗಿಸಿದರು. ಎಲ್ಲರಿಗೂ ಹಂಚಿದ ಮೇಲೆ ಸುಂದರರಾಜ್ ನಾನು ಹಿಡಿದಿದ್ದ ತಟ್ಟೆಯಿಂದ ಒಂದು ಬಟ್ಟಲು ಎತ್ತಿಕೊಂಡರು. ಅದರಲ್ಲಿ ರಸವಿತ್ತು. ಬೆಳಗಿನ ಹತ್ತೂವರೆ, ಕಿಟಕಿಯ ಬಿಸಿಲಲ್ಲಿ ಅದರ ಕೆಂಪನ್ನು ನಾನು ಕಂಡೆ. ತುಟಿಯ ಹತ್ತಿರ ಒಯ್ದ ಅವರ ಕೈ ನಿಂತಿತು. ಬಟ್ಟಲು ಖಾಲಿಯಾಗಿತ್ತು. ಚೆಲ್ಲಿರಲಿಲ್ಲ, ಅಂಗಿ ಒಣಗಿತ್ತು, ನೆಲ ಒಣಗಿತ್ತು. ಅವರು ಅದನ್ನಿಟ್ಟು ಇನ್ನೊಂದನ್ನು ಎತ್ತಿದರು. ಅದೂ ತುಟಿಯ ಬಳಿ ಬರುತ್ತಲೇ ಖಾಲಿ.

ಆಗ ಆ ಮನುಷ್ಯ ಏನು ಮಾಡಿದರು ಗೊತ್ತೇ? ತಲೆ ಹಿಂದಕ್ಕೆ ವಾಲಿಸಿ ಆ ಖಾಲಿ ಬಟ್ಟಲನ್ನು ಕುಡಿದರು. ಕರ್ಚೀಫಿನಿಂದ ಮೀಸೆ ಒರೆಸಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದರು. ಆ ಪವಾಡಕ್ಕಿಂತ ಆ "ಆಮೆನ್" ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಆರಾಧನೆಯ ನಂತರ ಬಟ್ಟಲುಗಳನ್ನು ತೊಳೆಯಲು ಕೂತೆ. ಎಲ್ಲದರ ತಳದಲ್ಲೂ ರಸದ ಅಂಟು ಕಲೆ ಇತ್ತು, ಮೂರನ್ನು ಬಿಟ್ಟು. ಆ ಮೂರು ಈಗಷ್ಟೇ ಕಪಾಟಿನಿಂದ ತೆಗೆದಂತೆ ಒಣಗಿದ್ದವು. ನೀರು ತುಂಬಿ ನೋಡಿದೆ, ಬಿರುಕಿಲ್ಲ, ಸೋರಿಕೆಯಿಲ್ಲ. ಸುಂದರರಾಜ್ ಮುಟ್ಟಿದ್ದು ಎರಡನ್ನು. ಮೂರನೆಯದಕ್ಕೆ ತುಂಬಲು ನಾನೇ ಮರೆತಿರಬೇಕೆಂದು ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವರು ಹಿಂದೆ ಬಂದು ನಿಂತಿದ್ದರು.

"ಹುಯ್ಯೋದು ಮರ್ತಿದ್ದಿ ನೋಡು ತಮ್ಮಾ. ಆಗ್ಲಿ ಬಿಡು. ಯಾರ್ ಮುಂದೂ ಹೇಳಬ್ಯಾಡ. ಯೇಸುಸ್ವಾಮಿ ಎಲ್ಲಾನೂ ಕ್ಷಮಿಸ್ತಾನೆ, ನಾವ್ಯಾಕ ಕೆದಕಾದು?"

ಮಧ್ಯಾಹ್ನವೇ ನಾನು ಕೊಕ್ಕನೂರಿಗೆ ಹೋದೆ. ನಿಜ ಹೇಳಬೇಕೆಂದರೆ, ಕ್ಷಮೆ ಕೇಳಲು ಹೋಗಲಿಲ್ಲ. ಸಿಹಿಸುದ್ದಿ ಹೊತ್ತವನ ಉತ್ಸಾಹದಲ್ಲಿ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಕಮಲಮ್ಮನಿಗೆ ಎಲ್ಲವನ್ನೂ ವರ್ಣಿಸಿದೆ. ದೇವರು ಸುಂದರರಾಜ್ ಅವರನ್ನು ಹಿಡಿದುಬಿಟ್ಟ ಎಂದೆ. ಕಮಲಮ್ಮನಿಗೆ ಸಂತೋಷವಾದಂತೆ ಕಾಣಲಿಲ್ಲ. ಮೊರ ಕೆಳಗಿಟ್ಟು ಕೇಳಿದರು:

"ಅದಿರ್ಲಿ. ನಾ ಟ್ಯಾಂಕಿನ ಮಾತು ಹೇಳುವಾಗ ನೀನೂ ಅಲ್ಲೇ ನಿಂತಿದ್ದಿ ಅಲ್ಲೇನು ತಮ್ಮಾ? ನಿನ್ ಬಟ್ಲಾಗ ರಸ ಇತ್ತಾ?"

ನಮ್ಮಲ್ಲಿ ಕಣ್ಣು ಮುಚ್ಚಿ ಕುಡಿಯುವುದು ರೂಢಿ. ಹಂಚಲು ಹೊರಡುವ ಮೊದಲೇ ನಾನೂ ಹಾಗೆಯೇ ಕುಡಿದಿದ್ದೆ. ಕೈ ಎತ್ತಿದ್ದು ನೆನಪಿತ್ತು, ಗಂಟಲು ಆಡಿಸಿದ್ದು ನೆನಪಿತ್ತು. ರುಚಿ ನೆನಪಿರಲಿಲ್ಲ.

ಮುಂದಿನ ಭಾನುವಾರ ನಾನು ಸಭೆಯಲ್ಲಿ ಎದ್ದು ನಿಂತು, ನಾನು ಕೇಳಿದ್ದನ್ನೂ ನಾನು ಬರೆದದ್ದು ಸುಳ್ಳೆಂಬುದನ್ನೂ ಹೇಳಿದೆ. ಮಂಡಳಿ ತ್ವರಿತವಾಗಿ ಕಾರ್ಯಪ್ರವೃತ್ತವಾಯಿತು: ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯಿತು. ಕಮಲಮ್ಮನ ಮೇಲಿನ ಶಿಸ್ತು ಇಂದಿಗೂ ರದ್ದಾಗಿಲ್ಲ. ಅವರು ಕಡೆಯ ಬೆಂಚಿನಲ್ಲಿ ಕೂರುತ್ತಾರೆ. ತಟ್ಟೆ ಅವರನ್ನು ದಾಟಿ ಹೋಗುತ್ತದೆ. ಸುಂದರರಾಜ್ ಇಂದಿಗೂ ಹಿರಿಯರು. ಪ್ರತಿ ತಿಂಗಳೂ ತಲೆ ಹಿಂದಕ್ಕೆ ವಾಲಿಸುತ್ತಾರೆ, ಮೀಸೆ ಒರೆಸಿಕೊಳ್ಳುತ್ತಾರೆ. ಆ ಬಟ್ಟಲಿನಲ್ಲಿ ಏನಾದರೂ ಇರುತ್ತದೆಯೋ ಇಲ್ಲವೋ ಅವರಿಗೇ ಗೊತ್ತು.

ನಾನು ಈಗ ಕಮಲಮ್ಮನ ಪಕ್ಕದಲ್ಲೇ ಕೂರುತ್ತೇನೆ. ನನ್ನ ಮೇಲೆ ಯಾವ ಶಿಸ್ತೂ ಇಲ್ಲದ್ದರಿಂದ ತಟ್ಟೆ ನನ್ನೆದುರು ಬಂದು ನಿಲ್ಲುತ್ತದೆ. ಬಟ್ಟಲುಗಳೆಲ್ಲ ಕೆಂಪಗೆ ತುಂಬಿರುತ್ತವೆ. ಆರು ವರ್ಷಗಳಲ್ಲಿ ಒಮ್ಮೆಯೂ ನಾನು ಒಂದನ್ನಾದರೂ ಎತ್ತಿ ನೋಡುವ ಧೈರ್ಯ ಮಾಡಿಲ್ಲ.